ಬಿಚ್ಚದ ಹೊಲಿಗೆ

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಊರಿಗೆಲ್ಲ ಅವನು ಸೀಟಣ್ಣ. ಸ್ಕೂಟರಿನ ಸೀಟು, ಬಸ್ಸಿನ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಇವಕ್ಕೆಲ್ಲ ರೆಕ್ಸಿನ್ ಹೊಲಿದು ಹೊದಿಸುವುದು ಅವನ ಕೆಲಸ. ಸೈಕಲ್ ಅಂಗಡಿಗೂ ಕನ್ನಡಿ ಕಟ್ಟಿನ ಅಂಗಡಿಗೂ ನಡುವೆ ಉದ್ದಕ್ಕೆ ರೈಲು ಡಬ್ಬಿಯಂಥ ಅಂಗಡಿ. ಮುಂದುಗಡೆ ಅವನ ಮಿಷನ್, ಒಳಗೆ ಹೆಂಡತಿಯ ಮಿಷನ್, ಎರಡರ ಮಧ್ಯೆ ಸ್ಪಂಜಿನ ಚೂರುಗಳ ರಾಶಿ. ಅಂಟಿನ ವಾಸನೆಗೆ ಹೊಸಬರಿಗೆ ತಲೆ ಸುತ್ತುತ್ತಿತ್ತು, ಗಂಡಹೆಂಡತಿಗೆ ಅದಿಲ್ಲದಿದ್ದರೆ ಊಟ ಸೇರುತ್ತಿರಲಿಲ್ಲ.

"ಈ ಊರಲ್ಲಿ ನನ್ನ ಕೆಲಸದ ಮೇಲೆ ಕೂರದೇ ಇರೋ ದೊಡ್ಡ ಮನುಷ್ಯ ಒಬ್ಬ ಇದ್ರೆ ತೋರಿಸಿ ನೋಡೋಣ" ಎಂದು ಅವನು ಜಂಬ ಕೊಚ್ಚಿಕೊಂಡರೆ, ಅವನ ಅಕ್ಕ ಹಿಂದಿನಿಂದ ಹೇಳುತ್ತಿದ್ದಳು: "ಹೌದಪ್ಪಾ, ದೊಡ್ಡ ಮನುಷ್ಯರೆಲ್ಲ ನಿನಗೆ ಏನು ತೋರಿಸ್ತಾರೆ ಅಂತ ನಾನು ಬಾಯಿ ಬಿಟ್ಟು ಹೇಳಬೇಕಾ?"

ಅಕ್ಕ ಎಂದರೆ ಬರೀ ಅಕ್ಕ ಅಲ್ಲ. ಇವನಿಗೆ ನಡೆಯಲು ಬರುವ ಮೊದಲೇ ತಾಯಿ ತೀರಿಕೊಂಡಿದ್ದಳು. ಎತ್ತಿ ಆಡಿಸಿದವಳು, ಬೆನ್ನಿಗೆ ಗುದ್ದಿ ಶಾಲೆಗೆ ಕಳಿಸಿದವಳು, ಶಾಲೆ ತಲೆಗೆ ಹತ್ತದಾಗ ಒಬ್ಬ ಮೇಸ್ತ್ರಿಯ ಕೈಕಾಲು ಹಿಡಿದು ಹೊಲಿಗೆಗೆ ಹಚ್ಚಿದವಳು, ಎಲ್ಲ ಅವಳೇ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ತಮ್ಮನ ಮನೆಯ ಪಕ್ಕದ ಕೋಣೆಗೇ ಬಂದಳು. ನದಿಯಾಚೆಯ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಬೆಳಿಗ್ಗೆ ಲಾಂಚ್ ಹತ್ತಿ ಹೋಗುವುದು, ಸಂಜೆ ಲಾಂಚ್ ಹತ್ತಿ ಬರುವುದು. ಸೇತುವೆ ಹಿಡಿದು ಬಸ್ಸಿನಲ್ಲಿ ಸುತ್ತಿಕೊಂಡು ಹೋದರೆ ಅರ್ಧ ದಿನ ರಸ್ತೆಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಆಚೆ ಕೆಲಸವಿದ್ದವರಿಗೆಲ್ಲ ಲಾಂಚೇ ಗತಿ.

ಆ ಲಾಂಚಿನಲ್ಲಿ ಲೈಫ್ ಜಾಕೆಟ್‌ಗಳಿದ್ದವು. ಮೊದಲು ಅವು ಗೋಡೆಯ ಕೊಕ್ಕೆಗಳಲ್ಲಿ ನೇತಾಡುತ್ತಿದ್ದವು. ನಮ್ಮ ಜನ ಗೊತ್ತಲ್ಲ! ಒಬ್ಬ ತಲೆಗೆ ದಿಂಬು ಮಾಡಿಕೊಂಡ, ಇನ್ನೊಬ್ಬ ಕೋಳಿ ಬುಟ್ಟಿಯ ಕೆಳಗೆ ಹಾಸಿದ, ಮಕ್ಕಳು ತೊಟ್ಟುಕೊಂಡು ಕುಣಿದವು, ನಾಲ್ಕಾರು ಎಲ್ಲೋ ಹೊಲದ ಬೆದರುಬೊಂಬೆಯ ಮೈಮೇಲೆ ಕಾಣಿಸಿಕೊಂಡವು. ಅಷ್ಟರಲ್ಲಿ ಮೇಲಿನಿಂದ ಒಂದು ಆದೇಶ ಬಂತು: ಪ್ರತಿ ಪ್ರಯಾಣಿಕನ ಕೈಗೆಟುಕುವಷ್ಟರಲ್ಲಿ ಒಂದು ಜಾಕೆಟ್ ಇರತಕ್ಕದ್ದು. ಲಾಂಚ್ ಆಫೀಸಿನ ಮ್ಯಾನೇಜರು ಅದನ್ನು ಓದಿ ತಲೆ ಕೆರೆದುಕೊಂಡು, ಒಂದು ಉಪಾಯ ಹೂಡಿ, ಸೀಟಣ್ಣನಿಗೆ ಹೇಳಿ ಕಳಿಸಿದರು.

"ನೋಡು ಸೀಟಣ್ಣ, ಬೆಂಚೆಲ್ಲ ಬರೀ ಹಲಗೆ. ಜನ ಕೂತು ಕೂತು ಸೊಂಟ ಹಿಡೀತು ಅಂತ ಬೈತಾರೆ. ಈ ಕಡೆ ಜಾಕೆಟ್ ಕಳ್ಳರ ಕಾಟ. ಜಾಕೆಟ್ಟನ್ನೇ ರೆಕ್ಸಿನ್ ಒಳಗೆ ಹಾಕಿ ಹೊಲಿದುಬಿಡು. ಸೀಟಿಗೆ ಸೀಟೂ ಆಯ್ತು, ಕೈಗೆ ಎಟುಕೋ ಜಾಗದಲ್ಲಿ ಜಾಕೆಟ್ಟೂ ಆಯ್ತು. ಹೇಗೆ?"

"ಭಾರಿ ತಲೆ ಸರ್ ನಿಮ್ಮದು" ಎಂದ ಸೀಟಣ್ಣ. ಮುಖಸ್ತುತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆ ಅನ್ನಿಸಿತ್ತು.

"ಒಂದೇ ಮಾತು. ಹೊಲಿಗೆ ಗಟ್ಟಿ ಇರಬೇಕು. ಮಕ್ಕಳು ಕಿತ್ತು ಹಾಕೋ ಹಾಗಿರಬಾರದು."

ಹೊಲಿಗೆ ಗಟ್ಟಿ ಇರಬೇಕು ಎಂದು ಸೀಟಣ್ಣನಿಗೆ ಹೇಳುವುದೆ? ಅವನ ಅನ್ನವೇ ಅದು. ಮೇಣ ಉಜ್ಜಿದ ನೈಲಾನ್ ದಾರದಲ್ಲಿ ಅವನು ಹಾಕುವ ಜೋಡಿ ಹೊಲಿಗೆ ಸುತ್ತಲೆಲ್ಲ ಹೆಸರಾಗಿತ್ತು. ರೆಕ್ಸಿನ್ ಹರಿದೀತು, ಒಳಗಿನ ಸ್ಪಂಜು ಪುಡಿಯಾದೀತು, ಹೊಲಿಗೆ ಮಾತ್ರ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಬಸ್ಸಿನ ಸೀಟಿಗೆ ಹಾಕುವ ದಪ್ಪ ನೀಲಿ ರೆಕ್ಸಿನ್ ತಂದ. ಗಂಡಹೆಂಡತಿ ಇಬ್ಬರೂ ಬೇರೆ ಕೆಲಸ ಬದಿಗಿಟ್ಟು ಕೂತರು.

ಹೆಂಡತಿ ಜಾಕೆಟ್ ತುಂಬಿದ ರೆಕ್ಸಿನ್ ಚೀಲವೊಂದರ ಬಾಯಿ ಹೊಲಿಯುತ್ತಾ ಕೇಳಿದಳು: "ಅಲ್ಲಾ ರೀ, ನಾಲ್ಕೂ ಕಡೆ ಹೊಲಿದುಬಿಟ್ರೆ ಒಳಗಿರೋದನ್ನ ಹೊರಗೆ ತೆಗೆಯೋದು ಹೇಗೆ?"

"ಅದು ಆಫೀಸಿನವರ ತಲೆನೋವು ಕಣೇ. ಅಷ್ಟು ಓದಿದವರು ಅದನ್ನ ಯೋಚನೆ ಮಾಡಿರಲ್ವಾ? ನೀನು ದಾರ ನೋಡಿಕೋ, ಸಡಿಲ ಬರ್ತಿದೆ."

ಇಷ್ಟೇ ನಡೆದದ್ದು. ಯಾರೂ ಯಾರನ್ನೂ ಕೊಲ್ಲಬೇಕೆಂದು ಹೊರಟವರಲ್ಲ. ಆಫೀಸಿನವರು ಅದೆಲ್ಲ ಹೊಲಿಯುವವನಿಗೆ ಗೊತ್ತಿರುತ್ತದೆ ಎಂದುಕೊಂಡರು, ಹೊಲಿಯುವವನು ಆಫೀಸಿನವರಿಗೆ ಗೊತ್ತಿರುತ್ತದೆ ಎಂದುಕೊಂಡ. ತಪಾಸಣೆಗೆ ಬಂದ ಸಾಹೇಬರೋ, ಸೀಟಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಒಳಗೆ ಜಾಕೆಟ್ ಇದೆಯೆಂದು ಖಾತ್ರಿ ಮಾಡಿಕೊಂಡು, ಸೀಟಿನಲ್ಲಿ ಕೂತು, "ಆಹಾ, ಮೆತ್ತಗಿದೆ" ಎಂದು ಚಹಾ ಕುಡಿದು ಹೋದರು. ಎಷ್ಟೊಂದು ತಲೆಗಳು, ಒಂದರಲ್ಲಾದರೂ ಮಿದುಳು ಬೇಡವೆ? ಸೀಟುಗಳನ್ನೇ ಯಾರಾದರೂ ಹೊತ್ತುಕೊಂಡು ಹೋದಾರೆಂದು ಆಫೀಸಿನ ಬಡಗಿ ಬಂದು, ರೆಕ್ಸಿನ್ನಿನ ಅಂಚನ್ನು ಹಲಗೆಯ ಕೆಳಕ್ಕೆ ಮಡಿಚಿ ಸಾಲಾಗಿ ಮೊಳೆ ಹೊಡೆದ. ಕೊನೆಗೆ ಪೇಂಟರ್ ಬಂದು ಕೆಂಪಕ್ಷರದಲ್ಲಿ ಬರೆದ: 'ಲೈಫ್ ಜಾಕೆಟ್ ನಿಮ್ಮ ಆಸನದಲ್ಲಿಯೇ ಇದೆ.' ಸುಳ್ಳೇನಲ್ಲ ನೋಡಿ.

ಅಕ್ಕ ಮೊದಲ ದಿನ ಅದರ ಮೇಲೆ ಕೂತು ಬಂದವಳು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದಳು: "ಲೋ, ಎಂಥಾ ಸೀಟು ಹೊಲಿದಿದೀಯೋ! ನಿದ್ದೆ ಹತ್ತಿ ದಡ ಬಂದಿದ್ದೇ ಗೊತ್ತಾಗಲಿಲ್ಲ. ಪಕ್ಕದವಳಿಗೆ ಹೇಳಿದೆ, ಇದು ನನ್ ತಮ್ಮ ಹೊಲಿದಿದ್ದು ಕಣೇ, ಸರಿಯಾಗಿ ಕೂತ್ಕೋ ಅಂತ." ಅವಳು ಹೊಗಳುವುದು ಅಪರೂಪ. ಸೀಟಣ್ಣ ಆವತ್ತೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಎರಡು ಮಳೆಗಾಲ ಕಳೆದವು. ಒಂದು ಮಧ್ಯಾಹ್ನ, ಬಿಸಿಲು ರಣರಣ ಎನ್ನುತ್ತಿದ್ದ ಹೊತ್ತು, ಹಾಸ್ಟೆಲಿಗೆ ರಜೆ ಕೊಟ್ಟಿದ್ದರು. ಅಡುಗೆ ಕೆಲಸವಿಲ್ಲದೆ ಬೇಗ ಹೊರಟ ಅಕ್ಕ, ಊರಿಗೆ ಹೊರಟ ಹುಡುಗಹುಡುಗಿಯರು, ಅವರ ಟ್ರಂಕು, ಹಾಸಿಗೆ ಸುರುಳಿ, ಸಂತೆಗೆ ಹೋಗಿ ಬರುವವರು, ಅವರ ಗಂಟುಮೂಟೆ, ಎಲ್ಲ ಸೇರಿ ಲಾಂಚು ನೀರಿಗೆ ಕುತ್ತಿಗೆ ಕೊಟ್ಟಂತೆ ಕೂತಿತ್ತು. ಚುಕ್ಕಾಣಿ ಹಿಡಿಯುವವನು ಇಷ್ಟು ಜನ ಆಗಲ್ಲ ಎಂದನಂತೆ. ಇನ್ನೊಂದು ಟ್ರಿಪ್ಪಿಗೆ ಡೀಸೆಲ್ ಯಾರಪ್ಪ ಕೊಡ್ತಾನೆ ಎಂದು ಟಿಕೆಟ್ ಕೊಡುವವನು ಗದರಿದನಂತೆ. ನಡುನೀರಿನಲ್ಲಿ ಹಳೆಯ ಕಟ್ಟೆಯ ಕಂಬವೊಂದು ಮುಳುಗಿಕೊಂಡಿದೆ ಎನ್ನುವುದು ಎಲ್ಲರಿಗೂ ಗೊತ್ತು. ಅದರ ಗುರುತಿಗೆ ನೆಟ್ಟಿದ್ದ ಬಾವುಟ ಬಿದ್ದುಹೋಗಿ ವರ್ಷವಾಗಿತ್ತು. ಭಾರ ಹೊತ್ತ ಲಾಂಚು ತಗ್ಗಿ ಹೋಗುವಾಗ ಆ ಕಂಬ ಅದರ ಹೊಟ್ಟೆ ಸೀಳಿತು.

ಹಾಗಂತ ಲಾಂಚು ದಡಕ್ಕನೆ ಮುಳುಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ನೀರು ಮೊದಲು ಪಾದಕ್ಕೆ ಬಂತು, ಆಮೇಲೆ ಮೊಣಕಾಲಿಗೆ. ದಡದಲ್ಲಿದ್ದವರು ಮೀನಿನ ದೋಣಿಗಳನ್ನು ಬಿಚ್ಚಿಕೊಂಡು ಹುಟ್ಟು ಹಾಕುತ್ತಾ ಹೊರಟಿದ್ದರು. ಜಾಕೆಟ್ ತೊಟ್ಟು ನೀರಿಗೆ ಬಿದ್ದು ತೇಲುತ್ತಿದ್ದರೂ ಸಾಕಿತ್ತು, ಹೆಚ್ಚುಕಡಿಮೆ ಎಲ್ಲರನ್ನೂ ಎತ್ತಿಕೊಳ್ಳಬಹುದಿತ್ತು. ಅಷ್ಟು ಹೊತ್ತಿತ್ತು. ದೋಣಿಗಳು ತಲುಪುವಷ್ಟರಲ್ಲಿ ಲಾಂಚು ಪಕ್ಕಕ್ಕೆ ಮಗುಚಿಕೊಂಡಿತು.

ಸಂಜೆಗೆ ಅಕ್ಕನನ್ನು ದಡದ ಮೇಲೆ ಸಾಲಿನಲ್ಲಿ ಮಲಗಿಸಿದ್ದರು. ಸೀಟಣ್ಣ ಅವಳ ಸೆರಗು ಸರಿಮಾಡಿದ. ಮುಖದ ಮೇಲಿನ ಕೂದಲು ತೆಗೆದ. "ಏಳೇ" ಎಂದ. ಅಕ್ಕನ ಮಗಳು ಓಡಿ ಬಂದು ತಾಯಿಯ ಮೇಲೆ ಬಿದ್ದಾಗ ಅವಳನ್ನು ಎಬ್ಬಿಸುವ ಶಕ್ತಿಯೂ ಅವನಿಗಿರಲಿಲ್ಲ, ಅವನ ಹೆಂಡತಿಯೇ ಎಬ್ಬಿಸಿದಳು.

ಆಗಿನ್ನೂ ಅವನಿಗೆ ಏನೂ ಗೊತ್ತಿರಲಿಲ್ಲ. ನದಿ ನುಂಗಿತು ಎಂದುಕೊಂಡಿದ್ದ. ಗೊತ್ತಾದದ್ದು ಆಮೇಲೆ, ಮೀನು ಮಾರುವವಳು ಅಂಗಡಿಗೆ ಬಂದಾಗ. ಅವಳು ತನ್ನ ಖಾಲಿ ಪ್ಲಾಸ್ಟಿಕ್ ಡಬ್ಬ ತಬ್ಬಿಕೊಂಡು ತೇಲಿ ಉಳಿದವಳು. ಬಂದವಳು ಕೂರಲಿಲ್ಲ, ನಿಂತೇ ಮಾತಾಡಿದಳು.

"ಹೇಳಬಾರದು ಅಂತಿದ್ದೆ ಅಣ್ಣ. ಹೇಳದೇ ಇದ್ರೆ ಅನ್ನ ಇಳೀತಿಲ್ಲ. ಚುಕ್ಕಾಣಿಯವನು ಸೀಟಲ್ಲಿ ಜಾಕೆಟ್ ಇದೆ, ತಗೊಳ್ಳಿ ತಗೊಳ್ಳಿ ಅಂತ ಕೂಗಿದ. ಎಲ್ಲ ಎಳೆದ್ರು. ಹಲ್ಲಲ್ಲಿ ಕಚ್ಚಿದ್ರು, ಬೀಗದ ಕೈಯಲ್ಲಿ ಕೆರೆದ್ರು. ಬರಲಿಲ್ಲ. ನಿಮ್ಮಕ್ಕ ಬೆಂಚ್ ಮೇಲೆ ಹತ್ತಿ ನಿಂತು ಕೂಗ್ತಿದ್ಲು: 'ಅದು ನನ್ ತಮ್ಮನ ಹೊಲಿಗೆ ಕಣ್ರೋ, ಕೈಗೆ ಬಿಚ್ಚಲ್ಲ! ಯಾರ ಹತ್ರನಾದ್ರೂ ಚಾಕು ಇದ್ರೆ ಕೊಡ್ರೋ!' ಅಂತ. ಯಾರ ಹತ್ರಾನೂ ಇರಲಿಲ್ಲ ಅಣ್ಣ. ನನ್ನ ಮೀನು ಕುಯ್ಯೋ ಕತ್ತಿನೂ ಅವತ್ತು ಸಂತೆಯಲ್ಲೇ ಬಿಟ್ಟು ಬಂದಿದ್ದೆ."

ಸೀಟಣ್ಣನ ಕಾಲು ಮಿಷನ್ನಿನ ಪೆಡಲ್ ಮೇಲೆಯೇ ಇತ್ತು, ಕೈಯಲ್ಲಿ ಯಾರದೋ ಸ್ಕೂಟರಿನ ಕವರು. ಹೆಂಡತಿ ಒಳಗಿನ ಮಿಷನ್ ನಿಲ್ಲಿಸಿದಳು. ಆವತ್ತು ತಾನು ಕೇಳಿದ ಪ್ರಶ್ನೆಯನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ವಿಚಾರಣೆ ನಡೆಯಿತು. ಆಫೀಸಿನ ಹಾಲಿನಲ್ಲಿ ಉದ್ದ ಮೇಜು, ಹಿಂದೆ ಫ್ಯಾನು, ಮುಂದೆ ನೀರಿನ ಲೋಟಗಳು. ಲಾಂಚಿನಲ್ಲಿ ಸೀಟಿಗೊಂದರಂತೆ ಜಾಕೆಟ್ ಇತ್ತು, ಕೈಗೆಟುಕುವಂತಿತ್ತು, ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇತ್ತು, ಜನರೇ ಗಾಬರಿಯಲ್ಲಿ ಬಳಸಲಿಲ್ಲ ಎಂದು ಮ್ಯಾನೇಜರು ಹೇಳಿದರು. ಸೀಟಣ್ಣನನ್ನು ಯಾರೂ ಕರೆದಿರಲಿಲ್ಲ. ಅವನೇ ಹೋಗಿ ಬಾಗಿಲಲ್ಲಿ ನಿಂತು, "ಸ್ವಾಮಿ, ಆ ಸೀಟು ಹೊಲಿದವನು ನಾನು, ನನ್ನ ಮಾತು ಕೇಳಿ" ಎಂದ. ವಿಚಾರಣೆಯ ಅಧಿಕಾರಿ ಒಳ್ಳೆಯವರು, ಕುರ್ಚಿ ಹಾಕಿಸಿದರು.

"ಎಲ್ಲಾ ನೀವೇ ಹೊಲಿದಿದ್ದಾ?"

"ಹೌದು ಸ್ವಾಮಿ. ನಾನೂ ನನ್ನ ಹೆಂಡತಿನೂ."

"ಕಳಪೆ ದಾರ ಏನಾದ್ರೂ ಹಾಕಿದ್ರಾ? ಎಲ್ಲಾದ್ರೂ ಹೊಲಿಗೆ ಬಿಟ್ಟಿತ್ತಾ?"

"ಇಲ್ಲ ಸ್ವಾಮಿ. ಒಂದೂ ಬಿಡಲಿಲ್ಲ. ಬಿಡಬೇಕಾಗಿತ್ತು. ಅದೇ ತಪ್ಪು."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಕೇಳಿದ್ದಕ್ಕಷ್ಟೇ ಉತ್ತರ ಕೊಡಿಯಪ್ಪಾ" ಎಂದು ಮೆಲ್ಲಗೆ ಹೇಳಿ, ಟೈಪಿಸ್ಟ್ ಕಡೆ ತಿರುಗಿ ಬರೆಸಿದರು: "ಹೊಲಿಗೆಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ."

"ದೋಷ ಇದೆ ಸ್ವಾಮಿ! ನಾನು ಬಾಯಿ ಮುಚ್ಚಿ ಹೊಲಿದುಬಿಟ್ಟೆ. ತೆಗೆಯೋಕೆ ದಾರಿನೇ ಇಡಲಿಲ್ಲ. ನನ್ನನ್ನ ಬೇಕಾದ್ರೆ ಒಳಗೆ ಹಾಕಿ, ಆದ್ರೆ ಅದನ್ನ ಬರ್ಕೊಳ್ಳಿ."

"ಪಾಪ, ಅಕ್ಕ ಹೋಗಿದಾರೆ ಸರ್ ಇವರದ್ದು" ಎಂದು ಮ್ಯಾನೇಜರೇ ಎದ್ದು ಬಂದು, ಭುಜ ಹಿಡಿದು, ನೀರು ಕುಡಿಸಿ ಹೊರಗೆ ಬಿಟ್ಟರು. ಅವರ ಕಣ್ಣಲ್ಲೂ ನೀರಿತ್ತು. ನಾಟಕವಲ್ಲ, ನಿಜವಾದ ನೀರೇ. ಅದನ್ನು ಕಂಡು ಸೀಟಣ್ಣನಿಗೆ ಅವರನ್ನು ಬೈಯಲೂ ಆಗಲಿಲ್ಲ.

ವರದಿ ಬಂತು. ತಪ್ಪೆಲ್ಲ ಚುಕ್ಕಾಣಿಯವನದು. ಅವನೂ ನೀರುಪಾಲಾಗಿದ್ದ. ಸತ್ತವನ ತಲೆಗೆ ಕಟ್ಟಿದರೆ ಎದುರು ಮಾತಾಡುವವರಿಲ್ಲವಲ್ಲ! ಮುಳುಗಿದ ಕಂಬಕ್ಕೆ ಹೊಸ ಬಾವುಟ ನೆಡಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆ. ಇವರು ಆ ದಿಡ್ಡಿ ಬಾಗಿಲನ್ನೂ ಅರ್ಧವೇ ಹಾಕಿದರು.

ಅಕ್ಕನ ಮಗಳಿಗೆ ಹಾಸ್ಟೆಲಿನವರು ತಾಯಿಯ ಕೆಲಸವನ್ನೇ ಕೊಟ್ಟರು. ಸೀಟಣ್ಣ ಬೇಡವೆಂದು ಹಟ ಹಿಡಿದ. "ನಾನು ಸಾಕ್ತೀನಿ ಕಣಮ್ಮ, ನೀನು ನೀರು ದಾಟಬೇಡ" ಎಂದ. ಅವಳು ತಾಯಿಯಂಥವಳೇ. "ಇವತ್ತು ಸಾಕ್ತೀಯ ಮಾವ, ನಾಳೆ? ನನಗೂ ಕೈಕಾಲು ಇದೆ" ಎಂದಳು. ಹೊಸ ಲಾಂಚ್ ಬರುವವರೆಗೆ ಬಸ್ಸಿನಲ್ಲಿ ಸುತ್ತಿಕೊಂಡು ಹೋದಳು. ದಾರಿಯಲ್ಲೇ ಸವೆದು ಕಣ್ಣು ಗುಳಿ ಬಿದ್ದವು.

ಹೊಸ ಲಾಂಚು ಬಂತು. ಅದರ ಹಿಂದೆಯೇ ಮ್ಯಾನೇಜರು ಅಂಗಡಿಗೆ ಬಂದರು.

"ವರದಿಯಲ್ಲೇ ಬಂದಿದೆಯಲ್ಲಪ್ಪ, ನಿನ್ನ ಹೊಲಿಗೆಯಲ್ಲಿ ದೋಷ ಇಲ್ಲ ಅಂತ. ಈ ಸಲಾನೂ ನೀನೇ ಮಾಡಿಕೊಡು."

"ಒಂದು ಕಡೆ ಬಾಯಿ ಬಿಡ್ತೀನಿ ಸರ್. ಮುಚ್ಚಳ ಇಟ್ಟು ಗುಂಡಿ ಹಾಕ್ತೀನಿ. ಗುಂಡಿದು ನನ್ನ ಲೆಕ್ಕದಲ್ಲೇ ಇರಲಿ."

ಮ್ಯಾನೇಜರು ದನಿ ತಗ್ಗಿಸಿದರು. "ನಿನಗೆ ಅರ್ಥ ಆಗ್ತಿಲ್ಲ ಸೀಟಣ್ಣ. ಈಗ ಬದಲಾಯಿಸಿದ್ರೆ ಹಿಂದೆ ಮಾಡಿದ್ದು ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ. ಹೇಗಿತ್ತೋ ಹಾಗೇ ಇರಲಿ."

ಅವರು ಹೋದ ಮೇಲೆ ಹೆಂಡತಿ ಎದ್ದು ಬಂದಳು. "ಹೊಲೀತೀರಾ ರೀ? ನಿಮಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಹೊಲೀತೀನಿ. ನಾನಲ್ದೆ ಇನ್ಯಾರಾದ್ರೂ ಹೊಲಿದ್ರೆ ಗಟ್ಟಿಯಾಗಿ ಹೊಲಿದುಬಿಡ್ತಾರೆ."

ಮೂರು ಬದಿಗೆ ಎಂದಿನಂತೆ ಜೋಡಿ ಹೊಲಿಗೆ ಹಾಕಿದ. ನಾಲ್ಕನೆಯ ಬದಿಗೆ ಅಕ್ಕಿ ಮೂಟೆಯ ಬಾಯಿಗೆ ಹಾಕುತ್ತಾರಲ್ಲ, ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಂಡು ಬರುವ ಸರಪಳಿ ಹೊಲಿಗೆ, ಅದನ್ನು ಹಾಕಿ ದಾರದ ತುದಿಯನ್ನು ಕೈಗೆ ಸಿಗುವಂತೆ ಹೊರಗೆ ಬಿಟ್ಟ. ಹುಟ್ಟಿದಾಗಿನಿಂದ ಅಂಥ ಹೊಲಿಗೆಯನ್ನು ಅವನು ಅಂಗಡಿಯೊಳಗೆ ಬಿಟ್ಟುಕೊಂಡವನಲ್ಲ, ಅದನ್ನು ಹೊಲಿಗೆ ಎಂದೇ ಕರೆದವನಲ್ಲ. ಈಗ ಒಂದೊಂದನ್ನೂ ಎಳೆದು ನೋಡಿ, ಬಿಚ್ಚಿದರೆ ಸಮಾಧಾನಪಟ್ಟು, ಮತ್ತೆ ಹೊಲಿದ. ಅಕ್ಕನ ಮಗಳನ್ನು ಕರೆದು, "ಈ ತುದಿ ಹಿಡಿದು ಎಳಿ" ಎಂದ. ಅವಳು ಎಳೆದಳು. ಬಾಯಿ ತೆರೆದುಕೊಂಡು ಕಿತ್ತಳೆ ಬಣ್ಣದ ಜಾಕೆಟ್ ಅವಳ ಮಡಿಲಿಗೇ ಬಿತ್ತು. ತಾಯಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಸೀಟಣ್ಣನ ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗಿತು.

ಲಾಂಚು ನೀರಿಗಿಳಿಯುವ ದಿನ ದೊಡ್ಡ ಸಾಹೇಬರು ಬಂದು ಮೊದಲ ಸಾಲಿನಲ್ಲಿ ಕೂತರು. ಭಾಷಣ ಉದ್ದವಾಯಿತು. ಕೈ ಸುಮ್ಮನಿರಬೇಕಲ್ಲ, ಪಕ್ಕದಲ್ಲಿ ಸಿಕ್ಕ ದಾರವನ್ನು ಬೆರಳಿಗೆ ಸುತ್ತಿ ಎಳೆದರು. ಸರ್ರೆಂದಿತು. ಸೀಟು ಬಾಯಿಬಿಟ್ಟು ಸಾಹೇಬರು ಒಂದು ಕಡೆಗೆ ವಾಲಿದರು. ಜನ ಗೊಳ್ಳೆಂದು ನಕ್ಕರು. ಮ್ಯಾನೇಜರ ಮುಖದಲ್ಲಿ ರಕ್ತವಿರಲಿಲ್ಲ.

ಮರುದಿನ ಅಷ್ಟೂ ಸೀಟುಗಳನ್ನು ಗಾಡಿಯಲ್ಲಿ ತಂದು ಅಂಗಡಿಯ ಮುಂದೆ ಸುರಿದು ಹೋದರು. ಕಳಪೆ ಕೆಲಸ ಎಂಬ ಮಾತು ಊರೆಲ್ಲ ಹಬ್ಬಿತು. "ಪಾಪ, ಅಕ್ಕ ಹೋದ ಮೇಲೆ ಸೀಟಣ್ಣನ ಕೈ ಬಿದ್ದುಹೋಯ್ತು" ಎಂದು ಜನ ಮರುಗಿದರು. ಮರುಗುತ್ತಲೇ ತಮ್ಮ ಸ್ಕೂಟರುಗಳನ್ನು ಬೇರೆ ಕಡೆಗೆ ಒಯ್ದರು. ಅವನಿಗೆ ಮರ್ಯಾದೆ ಹೋದದ್ದಕ್ಕೆ ದುಃಖವಾಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಇನ್ನೊಬ್ಬ ಸೀಟಿನವನಿಗೆ ಕೆಲಸ ಕೊಟ್ಟರು ಎಂದು ಕೇಳಿದಾಗ ಮಾತ್ರ ಕೂತಲ್ಲಿಂದ ಎದ್ದ. ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಆ ಸೀಟಿನವನು ಎದ್ದು ನಿಂತು ಬರಮಾಡಿಕೊಂಡ. ಕೆಟ್ಟವನಲ್ಲ, ಕಸುಬು ಬಲ್ಲವನು.

"ಒಂದು ಬದಿ ಸಡಿಲ ಬಿಡೋ ತಮ್ಮಾ" ಎಂದ ಸೀಟಣ್ಣ. "ಕೈಮುಗೀತೀನಿ. ನನ್ನ ಅಕ್ಕನ ಮಗಳು ದಿನಾ ಆ ಲಾಂಚಲ್ಲೇ ಹೋಗಬೇಕು."

"ಸಡಿಲ ಬಿಟ್ಟು ನಿನಗೇನಾಯ್ತು ಅಂತ ಊರೇ ನೋಡಿದೆಯಲ್ಲ ಅಣ್ಣ. ನನಗೂ ಮಕ್ಕಳಿದ್ದಾರೆ." ಅವನು ಮುಗಿದ ಸೀಟೊಂದನ್ನು ತಂದು ತೊಡೆಯ ಮೇಲಿಟ್ಟುಕೊಂಡು, ಅಂಚನ್ನು ಹೆಮ್ಮೆಯಿಂದ ಸವರಿದ. "ನೋಡು ಹೇಗೆ ಬಂದಿದೆ. ನೀರಿಂದ ಎತ್ತಿದ ನಿನ್ನ ಹಳೇ ಸೀಟು ಒಂದನ್ನ ಆಫೀಸಿನವರೇ ತಂದುಕೊಟ್ಟು ಹೀಗೇ ಬೇಕು ಅಂದ್ರು. ಅದನ್ನ ಕುಯ್ದು ನೋಡಿ ಕಲಿತೆ. ನಿಜ ಹೇಳ್ತೀನಿ ಅಣ್ಣ, ಈ ವಿದ್ಯೆಗೆ ನೀನೇ ಗುರು."

ಸೀಟಣ್ಣ ಆ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಅಲುಗಲಿಲ್ಲ.

ಲಾಂಚ್ ಮತ್ತೆ ಹೊರಡುವ ಬೆಳಿಗ್ಗೆ ಅವನು ಅಕ್ಕನ ಮಗಳ ಚೀಲದಲ್ಲಿ ತನ್ನ ರೆಕ್ಸಿನ್ ಕುಯ್ಯುವ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟ. "ಹೊಲಿಗೆ ತಂಟೆಗೆ ಹೋಗಬೇಡ. ಅಂಚಿನ ಪಕ್ಕದಲ್ಲಿ ರೆಕ್ಸಿನ್ನಿಗೇ ಚುಚ್ಚಿ ಎಳಿ" ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟ. ಅವಳು ಹೂಂಗುಟ್ಟಿದಳು. ದಡದಲ್ಲಿ ಹೊಸದಾಗಿ ಗೇಟು ಹಾಕಿದ್ದರು. ಗೇಟಿನಲ್ಲಿ ಕಾವಲಿನವನೊಬ್ಬ ಎಲ್ಲರ ಚೀಲ ಬಿಚ್ಚಿಸಿ ನೋಡುತ್ತಿದ್ದ. ಅವಳ ಚೀಲದಿಂದ ಚಾಕು ತೆಗೆದು ಪಕ್ಕದ ಡಬ್ಬಕ್ಕೆ ಹಾಕಿದ. ಡಬ್ಬದಲ್ಲಿ ಆಗಲೇ ಬೇರೆಯವರ ಚಾಕು, ಕತ್ತರಿ, ಕತ್ತಿಗಳಿದ್ದವು.

"ಇದೇನು ಮಾಡ್ತಿದೀಯಪ್ಪಾ? ಅದು ಅವಳ ಜೀವ!" ಎಂದು ಸೀಟಣ್ಣ ಬೇಲಿಯ ಈಚೆಯಿಂದ ಕೂಗಿದ.

"ಹರಿತ ಇರೋದೇನೂ ಒಳಗೆ ಬಿಡಂಗಿಲ್ಲ ಅಣ್ಣ. ಸೀಟು ಕುಯ್ದು ಹಾಳು ಮಾಡ್ತಾರೆ ಅಂತ ಹೊಸ ರೂಲ್ಸು. ಆಕ್ಸಿಡೆಂಟ್ ಆದ್ಮೇಲೆ ಸೇಫ್ಟಿ ಜಾಸ್ತಿ ಮಾಡಿದಾರೆ."

"ಹಾಗಾದ್ರೆ ಕೂರಬೇಡ ಕಣಮ್ಮಾ! ಬಾಗಿಲ ಹತ್ರ ನಿಂತ್ಕೋ!"

"ನಿಂತ್ಕೊಳ್ಳೋಕೆ ಬಿಡಲ್ಲ ಮಾವ. ಸಂಜೆ ಬರ್ತೀನಿ, ನೀನು ಹೋಗು" ಎಂದು ಅವಳು ಹಲಗೆ ದಾಟಿ ಒಳಗೆ ಹೋದಳು. ಹಿಂದಿನಿಂದ ಜನ ನೂಕುತ್ತಿದ್ದರು. ಸೀಟಣ್ಣ ಬೇಲಿಯ ಸರಳು ಹಿಡಿದು ಕಣ್ಣಿನಲ್ಲೇ ಅವಳನ್ನು ಹುಡುಕಿದ. ಲಾಂಚು ಭರ್ತಿಯಾಗಿತ್ತು. ಕಿಟಕಿಯ ಪಕ್ಕದಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು.